ಗ್ಲಾಸ್ ಹೌಸ್ ಪರ್ವತಗಳು, ಆಸ್ಟ್ರೇಲಿಯಾ ಝೂ: ಎರಡಕ್ಕೂ ಒಂದೇ ದಿನ ಸಾಕಾ?

ಪ್ರಶ್ನೆ: ಮಗ ಬ್ರಿಸ್ಬೇನಿನಲ್ಲಿ ಕೆಲಸದಲ್ಲಿದ್ದಾನೆ. ಜುಲೈನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಒಂದು ಶನಿವಾರ ಕಾರು ಬಾಡಿಗೆಗೆ ತೆಗೆದುಕೊಂಡು, ಗ್ಲಾಸ್ ಹೌಸ್ ಪರ್ವತಗಳನ್ನು ಹತ್ತಿ, ಪಕ್ಕದಲ್ಲೇ ಇರುವ ಆಸ್ಟ್ರೇಲಿಯಾ ಝೂ ನೋಡಿಕೊಂಡು ರಾತ್ರಿ ವಾಪಸ್ ಬಂದುಬಿಡೋಣ ಅಂತ ಮಗ ಹೇಳುತ್ತಿದ್ದಾನೆ. ಜೊತೆಗೆ ಸೊಸೆ ಮತ್ತು ಐದು ವರ್ಷದ ಮೊಮ್ಮಗಳು ಇರುತ್ತಾರೆ. ಹೆಂಡತಿಗೆ ಮಂಡಿನೋವು, ಅವು ಜ್ವಾಲಾಮುಖಿ ಬೆಟ್ಟಗಳಂತೆ ಅಂತ ಭಯ ಬೇರೆ. ಒಂದು ದಿನ ಸಾಕಾಗುತ್ತದಾ? ಯಾವ ಬೆಟ್ಟ ಹತ್ತಬಹುದು? ನನ್ನ ಇಂಡಿಯಾ ಲೈಸೆನ್ಸ್ ಅಲ್ಲಿ ನಡೆಯುತ್ತದಾ?

ಉತ್ತರ: ಸಾಕಾಗುವುದಿಲ್ಲ ಸರ್. ನಕ್ಷೆಯಲ್ಲಿ ನೋಡಿದರೆ ಎಲ್ಲ ಹತ್ತಿರ ಹತ್ತಿರ ಕಾಣುತ್ತದೆ, ಅದಕ್ಕೇ ಎಲ್ಲರೂ ಒಂದೇ ದಿನ ಅಂದುಕೊಳ್ಳುತ್ತಾರೆ. ಬ್ರಿಸ್ಬೇನಿನಿಂದ ಸುಮಾರು 70 ಕಿಲೋಮೀಟರ್, ಒಂದು ಗಂಟೆ ದಾರಿ. ಪರ್ವತಗಳಿಂದ ಝೂಗೆ ಇನ್ನೊಂದು ಹತ್ತು ಹದಿನೈದು ನಿಮಿಷ. ಆದರೆ ಜುಲೈ ಅಲ್ಲಿ ಚಳಿಗಾಲ. ಬೆಳಕು ಹರಿಯುವಾಗ ಆರೂವರೆ ಆಗುತ್ತದೆ, ಸಂಜೆ ಐದು, ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಝೂ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಅದೊಂದಕ್ಕೇ ಪೂರ್ತಿ ದಿನ ಬೇಕು, ಅದೂ ಮಗುವನ್ನು ಕರೆದುಕೊಂಡು ಹೋದರೆ. ಹಾಗಾಗಿ ಶನಿವಾರ ಪರ್ವತ, ರಾತ್ರಿ ಎತ್ತರದಲ್ಲಿರುವ ಮಲೇನಿ ಊರಲ್ಲೋ ಕೆಳಗಿನ ಬೀರ್ವಾ ಊರಲ್ಲೋ (ಇದೇ ಹೆಸರಿನ ಬೆಟ್ಟವೂ ಇದೆ) ತಂಗಿ, ಭಾನುವಾರ ಝೂ ಅಂತ ಮಾಡಿಕೊಳ್ಳಿ. ಮಗನಿಗೆ ಒಂದೇ ದಿನ ಬಿಡುವು ಅಂದರೂ ದಾರಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಮನೆಯವರ ಭಯದ ವಿಷಯ. ಆ ಪರ್ವತಗಳಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ಇಣುಕಿ ನೋಡಲು ಬಾಯಿಯೂ ಇಲ್ಲ. ಅವು ತಣ್ಣಗಾಗಿ ಸುಮಾರು 2.6 ಕೋಟಿ ವರ್ಷ ಆಗಿದೆ. ನೆಲದ ಆಳದಿಂದ ಮೇಲೆ ಬಂದ ಶಿಲಾರಸ ದಾರಿಯಲ್ಲೇ ಗಟ್ಟಿಯಾಗಿ ಟ್ರಾಕೈಟ್, ರಯೋಲೈಟ್ ಅನ್ನುವ ಕಲ್ಲುಗಳಾಯಿತು. ಸುತ್ತ ಇದ್ದದ್ದು ಮೆತ್ತಗಿನ ಮರಳುಗಲ್ಲು. ಮಳೆ, ಗಾಳಿ, ಹೊಳೆ ಎಲ್ಲ ಸೇರಿ ಆ ಮರಳುಗಲ್ಲನ್ನು ಸವೆಸಿಬಿಟ್ಟವು, ಒಳಗಿನ ಗಟ್ಟಿ ಕಲ್ಲು ಮಾತ್ರ ಉಳಿಯಿತು. ಅಂದರೆ ನೀವು ನೋಡುವುದು ಜ್ವಾಲಾಮುಖಿಯ ಹೊರಮೈ ಅಲ್ಲ, ಅದರ ಒಳಗಿನ ಕಲ್ಲು. ಅದಕ್ಕೇ ಅವುಗಳ ಆಕಾರ ಅಷ್ಟು ವಿಚಿತ್ರ. ಚಪ್ಪಟೆ ನೆಲದ ಮಧ್ಯೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಎದ್ದು ನಿಂತಿವೆ.

ಇನ್ನೂ ಒಂದು ಸ್ವಾರಸ್ಯ ಇದೆ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ಕೆಳಗಿನ ಬಿಸಿ ಜಾಗ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಖಂಡ ಅದರ ಮೇಲೆ ಹಾದು ಹೋಗುವಾಗ ಅಲ್ಲಲ್ಲಿ ಜ್ವಾಲಾಮುಖಿಗಳು ಎದ್ದವು. ಹೀಗಾಗಿ ಪೂರ್ವ ಕರಾವಳಿಯ ಈ ಸಾಲಿನಲ್ಲಿ ದಕ್ಷಿಣಕ್ಕೆ ಹೋದಷ್ಟೂ ವಯಸ್ಸು ಕಮ್ಮಿ. ಗ್ಲಾಸ್ ಹೌಸ್ ಬೆಟ್ಟಗಳಿಗೆ 2.6 ಕೋಟಿ ಆದರೆ, ಪಕ್ಕದ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ, ಗಡಿಯ ಆಚೆಗಿರುವ ವೊಲಂಬಿನ್ ಬೆಟ್ಟಕ್ಕೆ ಸುಮಾರು 2.3 ಕೋಟಿ ವರ್ಷ. ಬ್ರಿಸ್ಬೇನಿನ ಹತ್ತಿರ ಇವತ್ತು ಕೆಳಗೆ ಕುದಿಯುವಂಥದ್ದು ಏನೂ ಇಲ್ಲ, ಅವರಿಗೆ ಧೈರ್ಯವಾಗಿ ಹೇಳಿ.

ಈ ಬೆಟ್ಟಗಳಿಗೆ ಗ್ಲಾಸ್ ಹೌಸ್ ಅಂತ ಹೆಸರು ಕೊಟ್ಟದ್ದು ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್. 1770ರ ಮೇ ತಿಂಗಳಲ್ಲಿ ಹಡಗಿನಿಂದ ನೋಡಿದಾಗ ಅವನಿಗೆ ತನ್ನೂರಿನ ಕಡೆಯ ಗಾಜಿನ ಕುಲುಮೆಗಳು ನೆನಪಾದವು. ಮುಂದೆ 1799ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಅನ್ನುವ ಇನ್ನೊಬ್ಬ ನಾವಿಕ ಬಂದು ಇವುಗಳಲ್ಲಿ ಬೀರ್‌ಬರಮ್ ಅನ್ನುವ ಬೆಟ್ಟ ಹತ್ತಿದ, ಟಿಬ್ರೋಗಾರ್ಗನ್ ಅನ್ನುವುದನ್ನು ಹತ್ತಲು ಹೋಗಿ ಕಡಿದಾದ ಬಂಡೆ ನೋಡಿ ವಾಪಸ್ ಬಂದ. ಇವೆಲ್ಲ ಬಿಳಿಯರ ಲೆಕ್ಕ. ಆ ನೆಲದ ಮೂಲ ಜನ ಜಿನಿಬರಾ ಮತ್ತು ಕಬಿ ಕಬಿ. ಅವರಿಗೆ ಈ ಬೆಟ್ಟಗಳು ಒಂದು ಕುಟುಂಬ. ಟಿಬ್ರೋಗಾರ್ಗನ್ ಅಪ್ಪ, ಬೀರ್ವಾ ಅಮ್ಮ, ಉಳಿದವು ಮಕ್ಕಳು. ಒಂದು ದಿನ ಸಮುದ್ರ ಏರಿ ಬರುವುದನ್ನು ಅಪ್ಪ ನೋಡುತ್ತಾನೆ. ಬೀರ್ವಾ ಬಸುರಿ, ಅವಳನ್ನು ಕರೆದುಕೊಂಡು ಹೋಗು ಅಂತ ದೊಡ್ಡ ಮಗ ಕೂನೋರಿನ್‌ಗೆ ಹೇಳುತ್ತಾನೆ. ಮಗ ಅಮ್ಮನನ್ನು ಬಿಟ್ಟು ತಾನು ಓಡಿಹೋಗುತ್ತಾನೆ. ಸಿಟ್ಟಿಗೆದ್ದ ಅಪ್ಪ ದೊಣ್ಣೆಯಿಂದ ಹೊಡೆದ ಏಟಿಗೆ ಮಗನ ಕತ್ತು ಸೊಟ್ಟಗಾಯಿತು. ಇವತ್ತಿಗೂ ಅಪ್ಪ ಮಗನಿಗೆ ಬೆನ್ನು ಹಾಕಿ ಸಮುದ್ರದ ಕಡೆ ನೋಡುತ್ತಾ ಕೂತಿದ್ದಾನೆ, ಅಲ್ಲಿನ ಹೊಳೆಗಳೆಲ್ಲ ಆ ಕುಟುಂಬದ ಕಣ್ಣೀರು. ಮೊಮ್ಮಗಳಿಗೆ ಕಾರಿನಲ್ಲೇ ಈ ಕಥೆ ಹೇಳಿಬಿಡಿ. ಆಮೇಲೆ ಕಿಟಕಿಯಿಂದ ಯಾವ ಬೆಟ್ಟ ಯಾವುದು ಅಂತ ಅವಳೇ ನಿಮಗೆ ಗುರುತು ಹಿಡಿದು ಹೇಳುತ್ತಾಳೆ, ಸೊಟ್ಟ ಕತ್ತಿನ ಕೂನೋರಿನ್ ಅಂತೂ ಯಾರಿಗೂ ತಪ್ಪುವುದಿಲ್ಲ.

ಈಗ ಹತ್ತುವ ವಿಷಯ. ಎಲ್ಲಕ್ಕಿಂತ ಎತ್ತರ ಬೀರ್ವಾ, 556 ಮೀಟರ್. ಇಷ್ಟೇನಾ ಅನಿಸಬಹುದು. ಎತ್ತರ ನೋಡಿ ಮೋಸ ಹೋಗಬೇಡಿ. ಬೀರ್ವಾ ಮತ್ತು 364 ಮೀಟರಿನ ಟಿಬ್ರೋಗಾರ್ಗನ್ ಎರಡರಲ್ಲೂ ತುದಿಯ ದಾರಿ ಅಂದರೆ ದಾರಿಯೇ ಅಲ್ಲ, ಕೈ ಕಾಲು ಎರಡೂ ಊರಿ ಬರೀ ಬಂಡೆ ಹತ್ತಬೇಕು. ಹಿಡಿದುಕೊಳ್ಳಲು ಸರಪಳಿ, ಕಂಬಿ ಏನೂ ಇರುವುದಿಲ್ಲ. ಮಳೆ ಬಿದ್ದರೆ ಆ ಕಲ್ಲು ಜಾರುತ್ತದೆ. ಹತ್ತುವಾಗ ಹುಮ್ಮಸ್ಸಿನಲ್ಲಿ ಹತ್ತಿಬಿಟ್ಟು, ಇಳಿಯುವಾಗ ಕೆಳಗೆ ನೋಡಿ ಕಾಲು ನಡುಗಿ ಅಲ್ಲೇ ಕೂತುಬಿಡುವವರನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗುತ್ತದೆ. ಜೊತೆಗೆ, ಬೀರ್ವಾ ತಮಗೆ ತಾಯಿ, ದಯವಿಟ್ಟು ಹತ್ತಬೇಡಿ ಅಂತ ಮೂಲ ಜನ ಕೇಳಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಹತ್ತಬಹುದು, ದಿನಾ ಹತ್ತುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಮೂಲ ಜನರೇ ಬೇಡ ಅಂದ ಮೇಲೆ ಅವರ ಮನೆಯೊಳಗೆ ನುಗ್ಗುವುದು ಯಾಕೆ? ಆಸ್ಟ್ರೇಲಿಯಾದ ನಡುಭಾಗದಲ್ಲಿರುವ, ಮೂಲ ಜನರಿಗೆ ಪವಿತ್ರವಾದ ಉಲೂರು ಅನ್ನುವ ದೊಡ್ಡ ಬಂಡೆಯನ್ನು ಹತ್ತುವುದನ್ನು 2019ರ ಅಕ್ಟೋಬರಿನಲ್ಲಿ ಪೂರ್ತಿ ನಿಲ್ಲಿಸಿದರು. ಆಮೇಲೂ ನೋಡಲು ಜನ ಹೋಗುತ್ತಲೇ ಇದ್ದಾರೆ ಅಲ್ವಾ. ಕೂನೋರಿನ್ ವಿಷಯದಲ್ಲಿ ಇಷ್ಟು ಯೋಚನೆಯೂ ಬೇಕಿಲ್ಲ, ಕಲ್ಲು ಉರುಳುತ್ತವೆ ಅಂತ 1999ರಿಂದಲೇ ಸಾರ್ವಜನಿಕರಿಗೆ ಮುಚ್ಚಿದ್ದಾರೆ.

ಹತ್ತಲೇಬೇಕು ಅಂದರೆ ಮಗ ಸೊಸೆ ಉಂಗುನ್ ಅನ್ನುವ ಸಣ್ಣ ಬೆಟ್ಟ ಹತ್ತಲಿ. ಬರೆಯುವಾಗ ಇಂಗ್ಲಿಷಿನಲ್ಲಿ ಎನ್ ಅಕ್ಷರದಿಂದ ಶುರುವಾಗುತ್ತದೆ, ನಕ್ಷೆಯಲ್ಲಿ ಹುಡುಕುವಾಗ ನೆನಪಿಡಿ. 253 ಮೀಟರ್ ಎತ್ತರ, ಹೋಗಿ ಬರಲು 2.8 ಕಿಲೋಮೀಟರ್, ಆರಾಮಾಗಿ ಎರಡು ಗಂಟೆ. ಕೆಳಗಿನ ಭಾಗ ಮರಗಳ ನೆರಳಿನಲ್ಲಿ ಹೋಗುತ್ತದೆ, ಮೇಲೆ ಮೇಲೆ ಕಡಿದಾಗುತ್ತದೆ. ಇಲ್ಲಿ ಕಲ್ಲು ತಣ್ಣಗಾಗುವಾಗ ಕುಗ್ಗಿ ಉದ್ದುದ್ದ ಕಂಬಗಳ ಹಾಗೆ ಸೀಳಿಕೊಂಡಿರುವುದನ್ನು ಹತ್ತಿರದಿಂದ ನೋಡಬಹುದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದರೆ ಅಲ್ಲಿನ ಕಲ್ಲಿನ ಕಂಬಗಳು ನೆನಪಾಗುತ್ತವೆ. ಆದದ್ದೂ ಅದೇ ರೀತಿ, ನಮ್ಮವು ಇನ್ನೂ ಬಹಳ ಹಳೆಯವು. ತುದಿಯಲ್ಲಿ ನಿಂತರೆ ಟಿಬ್ರೋಗಾರ್ಗನ್, ಕೂನೋರಿನ್, ಬೀರ್ವಾ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಅಪ್ಪ, ಅಮ್ಮ, ಮಗ ಮೂವರನ್ನೂ ಸರಿಯಾಗಿ ನೋಡಬೇಕು ಅಂದರೆ ಅವರನ್ನು ಬಿಟ್ಟು ಈ ಸಣ್ಣದನ್ನು ಹತ್ತುವುದೇ ಸರಿ. ಬೀರ್ವಾದ ಮೇಲೆ ನಿಂತರೆ ಬೀರ್ವಾ ಕಾಣುವುದಿಲ್ಲವಲ್ಲ.

ಆದರೆ ಉಂಗುನ್ ತುದಿಯಲ್ಲೂ ಅಂಚು ನೇರ ಪ್ರಪಾತ. ಮೊಮ್ಮಗಳು ಬರುತ್ತೇನೆ ಅಂತ ಹಟ ಮಾಡಿದರೆ ಒಬ್ಬರು ಅವಳ ಕೈ ಬಿಡದೆ ಹೋಗಬೇಕು, ಫೋಟೋ ತೆಗೆಯುವುದು ಇನ್ನೊಬ್ಬರ ಕೆಲಸ. ಅರ್ಧ ದಾರಿಗೆ ಹೋಗಿ ವಾಪಸ್ ಬಂದರೂ ಏನೂ ನಷ್ಟವಿಲ್ಲ. ಶನಿವಾರ ಅಲ್ಲಿನ ಪಾರ್ಕಿಂಗ್ ಬೇಗ ತುಂಬುತ್ತದೆ, ಅದಕ್ಕೇ ಬ್ರಿಸ್ಬೇನನ್ನು ಕತ್ತಲಿರುವಾಗಲೇ ಬಿಡಿ, ಏಳಕ್ಕೆ ಅಲ್ಲಿರಿ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಹೊರಡುವ ಹಿಂದಿನ ದಿನ ಕ್ವೀನ್ಸ್‌ಲ್ಯಾಂಡ್ (ಬ್ರಿಸ್ಬೇನ್ ಇರುವ ರಾಜ್ಯ) ಪಾರ್ಕ್ಸ್ ವೆಬ್‌ಸೈಟಿನಲ್ಲಿ ಯಾವ ದಾರಿ ಮುಚ್ಚಿದೆ ಅಂತ ನೋಡಿಕೊಳ್ಳಿ. ಕಾಡಿಗೆ ಬೆಂಕಿ, ಮಳೆ, ರಿಪೇರಿ ಅಂತ ಆಗಾಗ ಮುಚ್ಚುತ್ತಾರೆ. ರಾಷ್ಟ್ರೀಯ ಉದ್ಯಾನಕ್ಕೆ ಟಿಕೆಟ್ ಇಲ್ಲ.

ನಿಮಗೂ ನಿಮ್ಮ ಮನೆಯವರಿಗೂ ಹತ್ತುವ ಅಗತ್ಯವೇ ಇಲ್ಲ. ಈ ಬೆಟ್ಟಗಳ ಚೆಂದ ಇರುವುದು ದೂರದಿಂದ ನೋಡುವುದರಲ್ಲಿ. ಮಂಡಿನೋವಿನವರನ್ನು ಸಮಾಧಾನ ಮಾಡಲು ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಹಾಗೇ. ಗ್ಲಾಸ್ ಹೌಸ್ ಮೌಂಟನ್ಸ್ ಲುಕ್‌ಔಟ್ ಅಂತ ಒಂದು ಜಾಗ ಇದೆ, ಊರಿನ ಪಶ್ಚಿಮಕ್ಕೆ, ಕಾಡಿನ ನಡುವೆ. ನೋಡುವ ಜಾಗದ ತನಕ ಕಾರು ಹೋಗುತ್ತದೆ, ಕೂತು ತಿನ್ನಲು ಮೇಜು ಬೆಂಚು ಇವೆ. ಮಗ ಸೊಸೆ ಉಂಗುನ್ ಇಳಿದು ಬಂದ ಮೇಲೆ ಎಲ್ಲರೂ ಅಲ್ಲಿ ಡಬ್ಬಿ ಬಿಚ್ಚಬಹುದು. ಬ್ರೂಸ್ ಹೈವೇ ಪಕ್ಕದಲ್ಲಿ ವೈಲ್ಡ್ ಹಾರ್ಸ್ ಮೌಂಟನ್ ಲುಕ್‌ಔಟ್ ಅಂತ ಇನ್ನೊಂದಿದೆ. ನೋಟ ಚೆನ್ನಾಗಿದೆ, ಆದರೆ ಸುಮಾರು 700 ಮೀಟರ್ ಕಡಿದಾದ ಏರು ನಡೆಯಬೇಕು, ನಿಮ್ಮ ಮನೆಯವರಿಗೆ ಬೇಡ.

ಮಧ್ಯಾಹ್ನದ ಮೇಲೆ ಲ್ಯಾಂಡ್ಸ್‌ಬರೋ ದಾಟಿ ಮಲೇನಿಯ ಕಡೆ ಹತ್ತಿ. ಅಲ್ಲಿ ಮೇರಿ ಕೇರ್ನ್‌ಕ್ರಾಸ್ ಅನ್ನುವ ಮಳೆಕಾಡು ಇದೆ, 55 ಹೆಕ್ಟೇರ್ ಅಷ್ಟೇ. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಎತ್ತರದ ಅಂಚಿನಲ್ಲಿ ನಿಂತರೆ ಕೆಳಗಿನ ಬಯಲಿನಲ್ಲಿ ಇಡೀ ಕುಟುಂಬ ಸಾಲಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಅಂದದ್ದಕ್ಕೂ ಕಾರಣ ಇದೆ. ಆ ಹೊತ್ತಿಗೆ ಸೂರ್ಯ ನಿಮ್ಮ ಬೆನ್ನ ಕಡೆಗೆ ಹೋಗಿರುತ್ತಾನೆ, ಬೆಳಕು ನೇರ ಬೆಟ್ಟಗಳ ಮೇಲೆ ಬೀಳುತ್ತದೆ, ಬೆಳಿಗ್ಗೆಯ ಮಬ್ಬೂ ಇರುವುದಿಲ್ಲ. ಹಿಂದೆ ಕಾಡಿನೊಳಗೆ ಸಮತಟ್ಟಾದ ಹಲಗೆ ದಾರಿ ಇದೆ. ನಿಧಾನಕ್ಕೆ ಸದ್ದು ಮಾಡದೆ ನಡೆದರೆ ಪ್ಯಾಡಿಮೆಲನ್ ಅನ್ನುವ ಪುಟ್ಟ ಕಾಂಗರೂ ಜಾತಿಯ ಪ್ರಾಣಿ ಎಲೆ ತಿನ್ನುತ್ತಾ ಕೂತಿರುವುದು ಕಾಣುತ್ತದೆ, ಬೇಲಿ ಇಲ್ಲ, ಟಿಕೆಟ್ ಇಲ್ಲ. ನೆಲವನ್ನೂ ಸ್ವಲ್ಪ ನೋಡಿ. ಮಲೇನಿಯ ಮಣ್ಣು ಕೆಂಪು, ಅದು ಅಲ್ಲಿ ಹರಿದ ಬಸಾಲ್ಟ್ ಲಾವಾ ಕೊಳೆತು ಆದದ್ದು. ಕೆಳಗೆ ಕಾಣುವ ಬೆಟ್ಟಗಳು ಜ್ವಾಲಾಮುಖಿಯ ಕೆಲಸ ಅಂತ ಎಲ್ಲರಿಗೂ ಗೊತ್ತು, ಕಾಲ ಕೆಳಗಿರುವುದೂ ಅದೇ ಅಂತ ಬಹಳ ಜನಕ್ಕೆ ತಿಳಿದಿರುವುದಿಲ್ಲ.

ಇನ್ನು ಝೂ. 1970ರ ಜೂನಿನಲ್ಲಿ ಬಾಬ್ ಮತ್ತು ಲಿನ್ ಅರ್ವಿನ್ ದಂಪತಿ ಬೀರ್ವಾದಲ್ಲಿ ಹಾವು, ಮೊಸಳೆ, ಹಲ್ಲಿಗಳ ಒಂದು ಸಣ್ಣ ಪಾರ್ಕ್ ಶುರು ಮಾಡಿದರು. ಅವರ ಮಗನೇ ಸ್ಟೀವ್ ಅರ್ವಿನ್, ಟಿವಿಯಲ್ಲಿ ಖಾಕಿ ಚಡ್ಡಿ ಹಾಕಿಕೊಂಡು ಮೊಸಳೆ ಹಿಡಿಯುತ್ತಿದ್ದವರು. ನಿಮ್ಮ ಮಗನ ವಯಸ್ಸಿನವರು ಅವರನ್ನು ನೋಡುತ್ತಲೇ ಬೆಳೆದಿರುತ್ತಾರೆ. 2006ರ ಸೆಪ್ಟೆಂಬರ್ 4ರಂದು ಸಮುದ್ರದಲ್ಲಿ ಚಿತ್ರೀಕರಣ ಮಾಡುವಾಗ ತೊರಕೆ ಮೀನಿನ ಮುಳ್ಳು ಎದೆಗೆ ಚುಚ್ಚಿ ತೀರಿಕೊಂಡರು. ನೀವು ಹೋಗುವ ರಸ್ತೆಗೇ ಈಗ ಸ್ಟೀವ್ ಅರ್ವಿನ್ ವೇ ಅಂತ ಹೆಸರು. ಹೆಂಡತಿ ಟೆರ್ರಿ, ಮಕ್ಕಳು ಬಿಂಡಿ ಮತ್ತು ರಾಬರ್ಟ್ ಝೂ ನಡೆಸುತ್ತಿದ್ದಾರೆ.

ಅಲ್ಲಿ ಬೆಳಿಗ್ಗೆ 9ಕ್ಕೇ ಒಳಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕ್ರಾಕೋಸಿಯಂ ಅನ್ನುವ ದೊಡ್ಡ ಬಯಲು ಸಭಾಂಗಣದಲ್ಲಿ ಮೊಸಳೆ ಪ್ರದರ್ಶನ ಇರುತ್ತದೆ, ಎಲ್ಲರೂ ಅದಕ್ಕೇ ಬರುತ್ತಾರೆ, ಸ್ವಲ್ಪ ಮುಂಚೆ ಹೋಗಿ ನೆರಳಿನ ಸೀಟು ಹಿಡಿಯಿರಿ. ಮೊಸಳೆ ನೀರಿನಿಂದ ಹೇಗೆ ಚಿಮ್ಮುತ್ತದೆ ಅನ್ನುವುದನ್ನು ಟಿವಿಯಲ್ಲಿ ನೋಡುವುದೇ ಬೇರೆ, ಎದುರಿಗೆ ನೋಡುವುದೇ ಬೇರೆ. ಪ್ರದರ್ಶನ ಮುಗಿದ ಕೂಡಲೇ ಎಲ್ಲರೂ ಊಟದ ಸಾಲಿಗೆ ನುಗ್ಗುತ್ತಾರೆ, ಆದ್ದರಿಂದ ಊಟ ಮುಂಚೆಯೇ ಮುಗಿಸಿ ಅಥವಾ ಎರಡರ ಮೇಲೆ ಇಟ್ಟುಕೊಳ್ಳಿ. ಕೊವಾಲಾ, ಕಾಂಗರೂಗಳನ್ನು ಬೆಳಿಗ್ಗೆಯೇ ನೋಡಿ. ಕೊವಾಲಾ ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಮಲಗಿಯೇ ಇರುತ್ತದೆ, ಎಲೆ ಕೊಡುವ ಹೊತ್ತಿಗೆ ಹೋದರೆ ಮಾತ್ರ ಅಲುಗಾಡುವುದು ಕಾಣುತ್ತದೆ. ಕಾಂಗರೂಗಳ ಬಯಲಿನಲ್ಲಿ ಮೊಮ್ಮಗಳು ಕೈಯಾರೆ ತಿನ್ನಿಸಬಹುದು, ಅಲ್ಲಿ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಜಿರಾಫೆ, ಜೀಬ್ರಾ, ಘೇಂಡಾಮೃಗ ಇರುವ ಆಫ್ರಿಕಾ ಭಾಗ ದೂರದ ಮೂಲೆಯಲ್ಲಿದೆ. ಒಳಗೆ ಓಡಾಡಲು ವಾಹನ ಇದೆ, ನಿಮ್ಮ ಮನೆಯವರು ಅದರಲ್ಲೇ ಹೋಗಲಿ. ಗಾಲಿಕುರ್ಚಿಯೂ ಬಾಡಿಗೆಗೆ ಸಿಗುತ್ತದೆ, ಸಂಕೋಚ ಬೇಡ ಅಂತ ಹೇಳಿ. ಹುಲಿ, ಆನೆ ನಮಗೆ ಹೊಸದಲ್ಲ, ಹೊತ್ತು ಕಮ್ಮಿ ಬಿದ್ದರೆ ಅವನ್ನು ಬಿಡಿ.

ಬಿಡಬಾರದ್ದು ಪ್ರಾಣಿಗಳ ಆಸ್ಪತ್ರೆ. 2004ರಲ್ಲಿ ಹಳೆಯ ಆವಕಾಡೊ ಪ್ಯಾಕಿಂಗ್ ಶೆಡ್ಡಿನಲ್ಲಿ ಶುರುವಾದದ್ದು, ಇಲ್ಲಿಯವರೆಗೆ ಒಂದು ಲಕ್ಷಕ್ಕೂ ಜಾಸ್ತಿ ಪ್ರಾಣಿಗಳಿಗೆ ಚಿಕಿತ್ಸೆ ಕೊಟ್ಟಿದ್ದಾರೆ. ಕಾರಿಗೆ ಸಿಕ್ಕಿದ ಕೊವಾಲಾ, ನಾಯಿ ಕಚ್ಚಿದ ಪೋಸಮ್ (ಮರ ಹತ್ತುವ ಒಂದು ಸಣ್ಣ ಪ್ರಾಣಿ), ಗಾಳ ನುಂಗಿದ ಆಮೆ, ಇಂಥವು. ಆ ಹೊತ್ತಿಗೆ ನಿಮ್ಮ ಕಾರಿನ ವೇಗದ ಬಗ್ಗೆ ನೀವೇ ಯೋಚನೆ ಮಾಡುತ್ತೀರಿ. ಇನ್ನೊಂದು ವಿಷಯ, ಹ್ಯಾರಿಯೆಟ್ ಅನ್ನುವ ಗಲಾಪಗಸ್ ಆಮೆ ಸುಮಾರು 175 ವರ್ಷ ಬದುಕಿ 2006ರ ಜೂನಿನಲ್ಲಿ ಇದೇ ಝೂನಲ್ಲಿ ಸತ್ತಿತು. ಅದನ್ನು ತಂದದ್ದು ಡಾರ್ವಿನ್ ಅಂತ ಕಥೆ ಇದೆ. ಆದರೆ ಆ ಆಮೆಯ ಜಾತಿ ಇರುವ ದ್ವೀಪಕ್ಕೆ ಡಾರ್ವಿನ್ ಕಾಲಿಟ್ಟೇ ಇರಲಿಲ್ಲ, ಹಾಗಾಗಿ ಯಾರಾದರೂ ಹೇಳಿದರೆ ಕೇಳಿ ನಕ್ಕು ಬಿಡಿ.

ಮೊಸಳೆ ಅಂದ ಕೂಡಲೇ ನಿಮ್ಮ ಮನೆಯವರಿಗೆ ಇನ್ನೊಂದು ಭಯ ಶುರುವಾಗಬಹುದು. ಕಾಡಿನಲ್ಲಿರುವ ಮೊಸಳೆಗಳ ಸೀಮೆ ಗ್ಲ್ಯಾಡ್‌ಸ್ಟನ್ ಹತ್ತಿರದ ಬಾಯ್ನ್ ನದಿಯಿಂದ ಉತ್ತರಕ್ಕೆ, ಬ್ರಿಸ್ಬೇನಿನಿಂದ ಹೆಚ್ಚುಕಮ್ಮಿ 500 ಕಿಲೋಮೀಟರ್ ದೂರ. ಬೆಟ್ಟದ ದಾರಿಯಲ್ಲಿ ಹಾವು ಇರಬಹುದು, ದಾರಿ ಬಿಟ್ಟು ಪೊದೆಗೆ ಹೋಗದಿದ್ದರೆ ಅದರ ಪಾಡಿಗೆ ಅದು.

ಲೈಸೆನ್ಸ್ ಬಗ್ಗೆ. ಪ್ರವಾಸಕ್ಕೆ ಬಂದವರು ತಮ್ಮ ದೇಶದ ಚಾಲ್ತಿಯಲ್ಲಿರುವ ಲೈಸೆನ್ಸಿನಲ್ಲೇ ಕ್ವೀನ್ಸ್‌ಲ್ಯಾಂಡಿನಲ್ಲಿ ಗಾಡಿ ಓಡಿಸಬಹುದು, ಅದು ಇಂಗ್ಲಿಷಿನಲ್ಲಿ ಇರಬೇಕು. ನಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಂಗ್ಲಿಷ್ ಇದ್ದೇ ಇರುತ್ತದೆ, ಫೋನಿನಲ್ಲಿರುವುದನ್ನು ನೆಚ್ಚದೆ ಕಾರ್ಡನ್ನೇ ಜೇಬಿನಲ್ಲಿಡಿ. ಅಲ್ಲೂ ಎಡಗಡೆಯೇ ಓಡಿಸುವುದು, ಅದು ನಿಮಗೆ ಸುಲಭ. ಕಷ್ಟ ಆಗುವುದು ರೌಂಡ್‌ಅಬೌಟ್. ಒಳಗೆ ಆಗಲೇ ಇರುವ ಗಾಡಿಗೆ ದಾರಿ ಬಿಟ್ಟು ಕಾಯಲೇಬೇಕು, ಮೂತಿ ತೂರಿಸುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಫೋನ್ ಕೈಯಲ್ಲಿ ಹಿಡಿದರೆ, ಸೀಟ್ ಬೆಲ್ಟ್ ಸರಿಯಾಗಿ ಹಾಕದಿದ್ದರೆ, ರಸ್ತೆ ಮೇಲಿನ ಕ್ಯಾಮೆರಾಗಳೇ ಹಿಡಿಯುತ್ತವೆ, ದಂಡ 1,000 ಆಸ್ಟ್ರೇಲಿಯನ್ ಡಾಲರಿಗೂ ಜಾಸ್ತಿ. ಏಳು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ತೊಡೆ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಕಾರಿನ ಜೊತೆ ಅದನ್ನೂ ಬುಕ್ ಮಾಡಿ. ಟೋಲಿಗೆ ಕಟ್ಟೆ ಇರುವುದಿಲ್ಲ, ಕ್ಯಾಮೆರಾ ನೋಡಿ ಲೆಕ್ಕ ಹಾಕಿಕೊಳ್ಳುತ್ತದೆ, ಅದನ್ನು ಹೇಗೆ ಕಟ್ಟಬೇಕು ಅಂತ ಬಾಡಿಗೆಯವರನ್ನೇ ಕೇಳಿ. ಮುಸ್ಸಂಜೆಯಲ್ಲಿ ಮಲೇನಿಯ ಸುತ್ತಿನ ರಸ್ತೆಗಳಲ್ಲಿ ನಿಧಾನ, ಕಾಂಗರೂ ಜಾತಿಯವು ರಸ್ತೆಗೆ ಹಾರುವ ಹೊತ್ತು ಅದು. ಭಾನುವಾರ ಸಂಜೆ ಬ್ರೂಸ್ ಹೈವೇಯಲ್ಲಿ ಬ್ರಿಸ್ಬೇನ್ ಕಡೆಗೆ ಗಾಡಿಗಳು ಸಾಲುಗಟ್ಟುತ್ತವೆ, ಅವಸರ ಬೇಡ.

ಮಗನಿಗೆ ಒಂದೇ ದಿನ ರಜೆ ಅಂದರೆ ಹೀಗೆ ಮಾಡಿ. ಶನಿವಾರ ಎಲ್ಲರೂ ಕಾರಿನಲ್ಲಿ ಪರ್ವತ ಮತ್ತು ಮಲೇನಿ. ಝೂ ಅನ್ನು ಬೇರೆ ದಿನಕ್ಕೆ ಇಟ್ಟುಕೊಂಡು, ನೀವು, ನಿಮ್ಮ ಮನೆಯವರು, ಮೊಮ್ಮಗಳು ರೈಲಿನಲ್ಲಿ ಹೋಗಿ. ಬ್ರಿಸ್ಬೇನಿನಿಂದ ಬೀರ್ವಾ ಸ್ಟೇಷನ್ನಿಗೆ ನೇರ ರೈಲು ಇದೆ. ಕ್ವೀನ್ಸ್‌ಲ್ಯಾಂಡಿನಲ್ಲಿ 2024ರ ಆಗಸ್ಟಿನಿಂದ ಇಂಥ ರೈಲು, ಬಸ್ಸುಗಳಿಗೆ ಒಂದು ಪ್ರಯಾಣಕ್ಕೆ ಬರೀ 50 ಸೆಂಟ್. ಕಿಟಕಿಯಿಂದ ಬೆಟ್ಟಗಳೂ ಕಾಣುತ್ತವೆ. ಸ್ಟೇಷನ್ನಿನಿಂದ ಝೂನವರದ್ದೇ ಬಸ್ಸು ಇದೆ, ಹಿಂದಿನ ದಿನವೇ ವಿಚಾರಿಸಿ ಸೀಟು ಹೇಳಿಟ್ಟುಕೊಳ್ಳಿ. ರೈಲುಗಳು ಪದೇಪದೇ ಇರುವುದಿಲ್ಲ, ವಾಪಸ್ ಬರುವ ಹೊತ್ತನ್ನು ಮೊದಲೇ ಬರೆದಿಟ್ಟುಕೊಂಡು ಹೋಗಿ. ಜೂನ್ ಕೊನೆಯಿಂದ ಜುಲೈ ಎರಡನೇ ವಾರದ ತನಕ ಅಲ್ಲಿ ಶಾಲೆಗಳಿಗೆ ರಜೆ, ಝೂನಲ್ಲಿ ಜನ ಜಾಸ್ತಿ ಇರುತ್ತಾರೆ. ನಿಮ್ಮ ತಾರೀಖು ಇನ್ನೂ ಗಟ್ಟಿಯಾಗಿಲ್ಲ ಅಂದರೆ ತಿಂಗಳ ಕೊನೆಯ ವಾರದ ಒಂದು ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ಡಿಗ್ರಿಯ ಆಸುಪಾಸು ಚಳಿ ಇರುತ್ತದೆ, ಒಂದೊಂದು ಸ್ವೆಟರ್ ಬೇಕು. ಚಳಿಗಾಲ ಅಂತ ಟೋಪಿ ಬಿಡಬೇಡಿ, ಅಲ್ಲಿನ ಬಿಸಿಲು ತಣ್ಣಗಿದ್ದರೂ ಚರ್ಮ ಸುಡುತ್ತದೆ.